ಒಂದೇ ಅಕ್ಷರಗಳು, ಹಲವು ಅರ್ಥಗಳು: ಸೆನ್ಸರ್ ಸಂಕ್ಷೇಪಗಳ ಪಟ್ಟಿಯನ್ನು ನಾನು ಕಟ್ಟಿದ ಬಗೆ

ನಕ್ಷೆಯಲ್ಲಿ ಪಿಟಿ-100 ಎಂದು ಬರೆದಿದ್ದ ಜಾಗಕ್ಕೆ ನಮ್ಮ ತಂಡದ ಹೊಸ ಹುಡುಗನೊಬ್ಬ ಪ್ಲಾಟಿನಂ ತಾಪಮಾನ ಸೆನ್ಸರನ್ನು ಹಿಡಿದು ಹೋದ ದಿನವೇ ಈ ಕೆಲಸಕ್ಕೆ ನಾಂದಿಯಾಯಿತು. ಅವನು ಓದಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರು ಡಿಗ್ರಿಯಲ್ಲಿ 138.5 ಓಮ್ ತೋರಿಸುವ ಆರ್‌ಟಿಡಿಯನ್ನು, ಅಂದರೆ ಬಿಸಿಗೆ ತಕ್ಕಂತೆ ರೋಧ ಬದಲಾಗುವ ಸೆನ್ಸರನ್ನು, ಎಲ್ಲರೂ ಪಿಟಿ ಹಂಡ್ರೆಡ್ ಎಂದೇ ಕರೆಯುತ್ತಾರೆ. ಆದರೆ ನಕ್ಷೆಯಲ್ಲಿದ್ದ ಪಿಟಿ ಎಂದರೆ ಪ್ರೆಷರ್ ಟ್ರಾನ್ಸ್‌ಮಿಟರ್, ನೂರು ಎಂಬುದು ಬರಿಯ ಲೂಪ್ ಸಂಖ್ಯೆ, ಅಂದರೆ ಆ ನಿಯಂತ್ರಣ ಸರಣಿಯ ಗುರುತಿನ ಸಂಖ್ಯೆ. ಪೈಪಿನ ಒತ್ತಡ ಇಳಿಸಿ, ಹಳೆಯ ಉಪಕರಣವನ್ನು ಬಿಚ್ಚಿದ ಮೇಲೆ ತಪ್ಪು ತಿಳಿಯಿತು. ಅರ್ಧ ದಿನದ ಕೆಲಸ ನಿಂತಿತು. ಅಂದು ಸಂಜೆಯೇ ನಾನು ಸಂಕ್ಷೇಪಗಳ ಪಟ್ಟಿಯೊಂದನ್ನು ಮಾಡಲು ಕುಳಿತೆ. ಅದು ನಿಜಕ್ಕೂ ಉಪಯೋಗಕ್ಕೆ ಬರುವಂತಾಗಲು ಸುಮಾರು ನಾಲ್ಕು ವರ್ಷ ಹಿಡಿಯಿತು.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ ಆಗಿತ್ತು. ಕೈಗೆ ಸಿಕ್ಕ ಡೇಟಾಶೀಟ್‌ಗಳಿಂದ ಸಂಕ್ಷೇಪಗಳನ್ನು ಆರಿಸಿ, ಅಕಾರಾದಿಯಾಗಿ ಜೋಡಿಸಿ, ಎದುರಿಗೆ ಪೂರ್ಣರೂಪ ಬರೆದೆ. ಆರುನೂರರ ಹತ್ತಿರ ನಮೂದುಗಳಾದವು. ಚೆನ್ನಾಗಿ ಮುದ್ರಿಸಿ ಪ್ರತಿ ಮೇಜಿನ ಮೇಲೂ ಒಂದೊಂದು ಪ್ರತಿ ಇಟ್ಟೆ. ಆರು ತಿಂಗಳಾದ ಮೇಲೆ ನೋಡಿದರೆ ನನ್ನ ಒಂದು ಪ್ರತಿಯನ್ನು ಬಿಟ್ಟು ಉಳಿದವುಗಳ ಹಾಳೆಯ ಅಂಚೂ ಮಾಸಿರಲಿಲ್ಲ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಆಗಲೇ ಹೇಳಿದ್ದರು: "ಪೂರ್ಣರೂಪ ಗೊತ್ತಾದರೆ ಕೆಲಸ ಗೊತ್ತಾಗುವುದಿಲ್ಲ ಕಣಯ್ಯಾ, ಸುಮ್ಮನೆ ಕಾಗದ ದಂಡ." ಅವರ ಮಾತಿನ ಮೊದಲರ್ಧ ಸರಿಯೆಂದು ಇಂದಿಗೂ ಒಪ್ಪುತ್ತೇನೆ.

ಎರಡನೆಯ ಪ್ರಯತ್ನದಲ್ಲಿ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಸಿ, ಹುಡುಕುವ ಸೌಲಭ್ಯ ಮಾಡಿಸಿದೆ. ಅದಕ್ಕೆ ಕೈಯಿಂದ ಸುರಿದ ಹಣ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚೇ ಇತ್ತು. ಎನ್‌ಸಿ ಎಂದು ಹುಡುಕಿದರೆ ಎರಡು ಉತ್ತರ ಬರುತ್ತಿದ್ದವು: ಒಂದು 'ನಾರ್ಮಲಿ ಕ್ಲೋಸ್ಡ್', ಇನ್ನೊಂದು 'ನೋ ಕನೆಕ್ಷನ್'. ಯಾವುದನ್ನು ಆರಿಸಬೇಕೆಂದು ಮಾತ್ರ ಅದು ಹೇಳುತ್ತಿರಲಿಲ್ಲ. ಎದುರಿಗಿರುವ ಅಕ್ಷರಗಳಿಗೆ ಎರಡು ಅರ್ಥ ಇದೆ ಎಂದಷ್ಟೇ ತಿಳಿಸುವ ಪಟ್ಟಿ, ಅದನ್ನು ನೋಡುವ ಮೊದಲು ಇದ್ದ ಗೊಂದಲವನ್ನು ಹಾಗೆಯೇ ಉಳಿಸುತ್ತದೆ.

ಇದೇ ಎನ್‌ಸಿ ನನಗೆ ಇನ್ನೊಂದು ಪೆಟ್ಟನ್ನೂ ಕೊಟ್ಟಿತು. ಒತ್ತಡದ ಸೆನ್ಸರ್ ಚಿಪ್ ಇರುವ ಬೋರ್ಡ್ ಒಂದನ್ನು ನಾನೇ ವಿನ್ಯಾಸ ಮಾಡಿದ್ದೆ. ಚಿಪ್ಪಿನ ಮೂರು ಪಿನ್ನುಗಳ ಮುಂದೆ ಎನ್‌ಸಿ ಎಂದಿತ್ತು. ಒಳಗೆ ಏನೂ ಜೋಡಣೆಯಿಲ್ಲವೆಂದು ತಿಳಿದು, ಚಿಪ್ ಗಟ್ಟಿಯಾಗಿ ಕೂರಲಿ ಎಂದು ಮೂರನ್ನೂ ಗ್ರೌಂಡಿಗೆ ಬೆಸೆದೆ. ಸುಮಾರು ನಲವತ್ತು ಬೋರ್ಡ್‌ಗಳು ತಯಾರಾಗಿ ಬಂದವು. ಒಂದರಲ್ಲೂ ಸೊನ್ನೆ ಸರಿಯಾಗಿ ನಿಲ್ಲಲಿಲ್ಲ. ಕೆಲವು ಚಿಪ್ಪುಗಳಲ್ಲಿ ಈ ಪಿನ್ನುಗಳು ಕಾರ್ಖಾನೆಯಲ್ಲಿ ಟ್ರಿಮ್ (ಸೂಕ್ಷ್ಮ ಹೊಂದಾಣಿಕೆ) ಮಾಡುವುದಕ್ಕೆ ಇರುವಂಥವು, ಹೊರಗಿನ ಯಾವ ತಂತಿಗೂ ಅವನ್ನು ಮುಟ್ಟಿಸಬಾರದು ಎಂಬುದು ಪಿನ್ ಕೋಷ್ಟಕದ ಕೆಳಗೆ ಸಣ್ಣ ಅಕ್ಷರಗಳಲ್ಲಿತ್ತು. ಕೆಲವು ತಯಾರಕರು ಇದನ್ನು ಡಿಎನ್‌ಸಿ, ಅಂದರೆ 'ಜೋಡಿಸಬೇಡಿ' ಎಂದು ಬೇರೆಯಾಗಿ ಬರೆಯುತ್ತಾರೆ, ಎಲ್ಲರೂ ಬರೆಯುವುದಿಲ್ಲ. ನಲವತ್ತು ಬೋರ್ಡ್‌ಗಳ ಮೂರು ಮೂರು ಟ್ರ್ಯಾಕ್‌ಗಳನ್ನು ಬ್ಲೇಡಿನಿಂದ ಕೆರೆದು ಕತ್ತರಿಸುತ್ತ ಕುಳಿತ ಆ ಎರಡು ರಾತ್ರಿಗಳಲ್ಲಿ ನನಗೆ ದಾರಿ ಹೊಳೆಯಿತು. ಸಂಕ್ಷೇಪದ ಅರ್ಥವಿರುವುದು ಅದರ ಅಕ್ಷರಗಳಲ್ಲಿ ಅಲ್ಲ, ಅದರ ಅಕ್ಕಪಕ್ಕದಲ್ಲಿ.

ಅಲ್ಲಿಂದ ಮುಂದೆ ಪಟ್ಟಿಯನ್ನು ಬೇರೆಯೇ ರೀತಿಯಲ್ಲಿ ಕಟ್ಟಿದೆ. ಪ್ರತಿ ನಮೂದಿಗೂ ಮೂರು ಮಾತು ಬರೆದೆ: ಅದು ಎಲ್ಲಿ ಕಂಡಿತು, ಪಕ್ಕದಲ್ಲಿ ಏನಿತ್ತು, ಕೈಯಲ್ಲಿ ಪರೀಕ್ಷಿಸುವುದು ಹೇಗೆ. ಪೂರ್ಣರೂಪವನ್ನು ಕೊನೆಗೆ ತಳ್ಳಿದೆ. ಎನ್‌ಸಿ ರಿಲೇ ಟರ್ಮಿನಲ್ಲಿನಲ್ಲಿ ಕಂಡು, ಪಕ್ಕದಲ್ಲಿ ಕಾಮ್ (ಕಾಮನ್) ಮತ್ತು ಎನ್‌ಓ (ನಾರ್ಮಲಿ ಓಪನ್) ಇದ್ದರೆ, ರಿಲೇಗೆ ವಿದ್ಯುತ್ ಕೊಡದೆ ಕಾಮ್ ಮತ್ತು ಎನ್‌ಸಿ ನಡುವೆ ಮೀಟರ್ ಹಿಡಿದಾಗ ಸದ್ದು ಬರಬೇಕು. ಅದೇ ಎನ್‌ಸಿ ಚಿಪ್ಪಿನ ಪಿನ್ ಕೋಷ್ಟಕದಲ್ಲಿ ಕಂಡರೆ, ಕೋಷ್ಟಕದ ಅಡಿಟಿಪ್ಪಣಿ ಓದುವ ತನಕ ಏನನ್ನೂ ಬೆಸೆಯಬಾರದು. ಡಿಓ ಪಕ್ಕದಲ್ಲಿ ಲೀಟರಿಗೆ ಮಿಲಿಗ್ರಾಂ ಎಂಬ ಏಕಮಾನ ಇದ್ದರೆ ನೀರಿನಲ್ಲಿ ಕರಗಿದ ಆಮ್ಲಜನಕ. ಪಕ್ಕದಲ್ಲಿ ಡಿಐ, ಎಐ, ಎಓ (ಡಿಜಿಟಲ್ ಇನ್‌ಪುಟ್, ಅನಲಾಗ್ ಇನ್‌ಪುಟ್, ಅನಲಾಗ್ ಔಟ್‌ಪುಟ್) ಇದ್ದರೆ ಡಿಜಿಟಲ್ ಔಟ್‌ಪುಟ್. ಟಿಸಿಓ ಮುಂದೆ ಪ್ರತಿ ಡಿಗ್ರಿಗೆ ಇಷ್ಟು ಎಂದಿದ್ದರೆ ಅದು ತಾಪಮಾನದಿಂದ ಆಫ್‌ಸೆಟ್ ಸರಿಯುವ ಪ್ರಮಾಣ. ಬರಿಯ ಡಿಗ್ರಿ ಮತ್ತು ಆಂಪಿಯರ್ ಇದ್ದರೆ, ಬಿಸಿ ಮಿತಿ ಮೀರಿದಾಗ ಕಡಿತಗೊಳ್ಳುವ ಫ್ಯೂಸಿನಂಥ ಭಾಗ.

ಪಿಐಡಿಯನ್ನು ಮಾತ್ರ ಹುಡುಗರಿಗೆ ಬೇರೆಯಾಗಿ ಕೂರಿಸಿಕೊಂಡು ಹೇಳುತ್ತೇನೆ. ಕಂಟ್ರೋಲರಿನ ಪುಟದಲ್ಲಿ ಅದು ನಿಯಂತ್ರಣದ ಮೂರು ಪದಗಳ (ಪ್ರಪೋರ್ಷನಲ್, ಇಂಟಿಗ್ರಲ್, ಡೆರಿವೇಟಿವ್) ಮೊದಲಕ್ಷರಗಳು. ಪೈಪು ಮತ್ತು ಉಪಕರಣಗಳ ನಕ್ಷೆಯ ಹೆಸರು ಪಿ ಅಂಡ್ ಐಡಿ, ಅದನ್ನು ಬಾಯಲ್ಲಿ ಹೇಳುವಾಗ ನಡುವಿನ 'ಅಂಡ್' ಚಿಹ್ನೆಯನ್ನು ನುಂಗಿ ಪಿಐಡಿ ಎಂದೇ ಹೇಳುತ್ತೇವೆ. ಅನಿಲ ಪತ್ತೆಯ ಉಪಕರಣದಲ್ಲಿ ಅದೇ ಅಕ್ಷರಗಳು ಫೋಟೋ ಅಯೋನೈಸೇಷನ್ ಡಿಟೆಕ್ಟರ್ ಆಗುತ್ತವೆ; ಪಕ್ಕದಲ್ಲಿ 10.6 ಇವಿ ಎಂಬ ದೀಪದ ಶಕ್ತಿಯೋ, ಕ್ಯಾಲಿಬ್ರೇಷನ್ನಿಗೆ ಐಸೋಬ್ಯುಟಿಲೀನ್ ಎಂಬ ಮಾತೋ ಇದ್ದರೆ ಸಂಶಯವೇ ಬೇಡ. "ಪಿಐಡಿ ಸೆಟ್ ಮಾಡಿ ಬಾ" ಎಂದು ಹೇಳಿ ಕಳಿಸಿದರೆ ಮೂವರು ಮೂರು ಕಡೆ ಹೋಗುವ ಸಾಧ್ಯತೆ ನಿಜವಾಗಿಯೂ ಇದೆ.

ಹೆಚ್ಚು ಹಣ ಹೋದದ್ದು ಒಂದೇ ಒಂದು ಅಕ್ಷರದಿಂದ. ಒತ್ತಡದ ಏಕಮಾನವಾದ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಎಂಬುದರ ಕೊನೆಗೆ ಎ ಇದ್ದರೆ ನಿರ್ವಾತದಿಂದ ಅಳೆದ ಒತ್ತಡ, ಜಿ ಇದ್ದರೆ ಹೊರಗಿನ ಗಾಳಿಯ ಒತ್ತಡದಿಂದ ಮೇಲಕ್ಕೆ ಅಳೆದದ್ದು. ತೆರೆದ ಟ್ಯಾಂಕುಗಳ ನೀರಿನ ಮಟ್ಟ ಅಳೆಯಲು ತರಿಸಿದ ಆರು ಟ್ರಾನ್ಸ್‌ಮಿಟರ್‌ಗಳ ಕೋಡ್‌ನಲ್ಲಿ ಜಿ ಇರಬೇಕಾದಲ್ಲಿ ಎ ಬಿದ್ದಿತ್ತು. ಸಮುದ್ರಮಟ್ಟದ ಗಾಳಿಯ ಒತ್ತಡವೇ 14.7 ಪಿಎಸ್‌ಐ, ನೀರಿನ ಲೆಕ್ಕದಲ್ಲಿ ಹತ್ತು ಮೀಟರಿಗೂ ಸ್ವಲ್ಪ ಹೆಚ್ಚು. ಖಾಲಿ ಟ್ಯಾಂಕು ಹತ್ತು ಮೀಟರ್ ನೀರಿದೆ ಎಂದು ತೋರಿಸುತ್ತಿತ್ತು. ಸೊನ್ನೆಯನ್ನು ಸರಿಸಿ ಹೊಂದಿಸೋಣವೆಂದರೆ, ಹವಾಮಾನ ಬದಲಾದಂತೆಲ್ಲ ಮಟ್ಟವೂ ಏರಿಳಿಯುತ್ತಿತ್ತು. ಆದೇಶ ಕೊಟ್ಟು ಮಾಡಿಸಿದ ಮಾಲಾದ್ದರಿಂದ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆರರಲ್ಲಿ ಎರಡನ್ನು ಬೇರೆಡೆ ಬಳಸಿದೆವು, ನಾಲ್ಕು ಇನ್ನೂ ಕಪಾಟಿನಲ್ಲಿವೆ. ಈಗ ನಮ್ಮಲ್ಲಿ ಪೆಟ್ಟಿಗೆ ತೆರೆದ ಕೂಡಲೇ ಮೇಜಿನ ಮೇಲೆಯೇ ಸಂಪರ್ಕ ಕೊಟ್ಟು, ಬಾಯಿ ತೆರೆದಿಟ್ಟು ಓದಿ ನೋಡುತ್ತೇವೆ: ಸೊನ್ನೆಯ ಸಂಕೇತವಾದ 4 ಮಿಲಿಆಂಪಿಯರಿನ ಹತ್ತಿರ ನಿಂತರೆ ಜಿ, ಮೇಲೆ ಹೋಗಿ ನಿಂತರೆ ಎ.

ಎಫ್‌ಎಸ್, ಅಂದರೆ ಫುಲ್ ಸ್ಕೇಲ್ (ಪೂರ್ಣ ಅಳತೆಯ ವ್ಯಾಪ್ತಿ), ಕೂಡ ಇದೇ ಜಾತಿಗೆ ಸೇರಿದ್ದು. ನಿಖರತೆ ಶೇ. 0.5 ಎಫ್‌ಎಸ್ ಎಂದಿರುವ 100 ಬಾರ್ ಟ್ರಾನ್ಸ್‌ಮಿಟರನ್ನು 10 ಬಾರ್ ಲೈನಿಗೆ ಹಾಕಿದರೆ, ಅರ್ಧ ಬಾರ್ ದೋಷ ಓದಿನ ಶೇ. 5 ಆಗುತ್ತದೆ. ಎಫ್‌ಎಸ್ ಜಾಗದಲ್ಲಿ ಆರ್‌ಡಿ, ಅಂದರೆ ರೀಡಿಂಗ್ (ಓದು), ಇದ್ದರೆ ದೋಷ 0.05 ಬಾರ್ ಮಾತ್ರ. ಬೆಲೆಪಟ್ಟಿ ಹೋಲಿಸುವವರಿಗೆ ಈ ಎರಡು ಅಕ್ಷರಗಳನ್ನು ಮೊದಲು ತೋರಿಸಿ, ಆಮೇಲೆ ಬೆಲೆ ತೋರಿಸುತ್ತೇನೆ.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ತಡವರಿಸುವ ಫಿಟ್ಟರುಗಳಿಗಾಗಿ ಪಟ್ಟಿಯನ್ನು ಪೂರ್ತಿ ಕನ್ನಡ ಲಿಪಿಯಲ್ಲಿ ಬರೆದೆ. ಬಾಯಲ್ಲಿ ಓದಿಕೊಳ್ಳಲು ಅದು ಬಹಳ ಚೆನ್ನಾಗಿತ್ತು; ಎಲ್‌ವಿಡಿಟಿ, ಎನ್‌ಡಿಐಆರ್, ಐಇಪಿಇ ಎಲ್ಲವೂ ವಾರದೊಳಗೆ ನಾಲಿಗೆಗೆ ಹತ್ತಿದವು. ಆದರೆ ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಮಿಲಿವೋಲ್ಟೂ ಮೆಗಾವೋಲ್ಟೂ ಎಂವಿ ಎಂದೇ ಆದವು. ಚಿಕ್ಕ ಟಿ ಇರುವ ಪ್ಲಾಟಿನಮ್ಮಿಗೂ ದೊಡ್ಡ ಟಿ ಇರುವ ಪ್ರೆಷರ್ ಟ್ರಾನ್ಸ್‌ಮಿಟರಿಗೂ ವ್ಯತ್ಯಾಸವೇ ಉಳಿಯಲಿಲ್ಲ, ಅಂದರೆ ಹೊರಟಲ್ಲಿಗೇ ಬಂದು ನಿಂತೆ. ಈಗ ಅಂಥ ಕಡೆಗಳಲ್ಲಿ ಸಂಕ್ಷೇಪ ಬಿಟ್ಟು ಪ್ಲಾಟಿನಂ ನೂರು, ಮಿಲಿವೋಲ್ಟ್ ಎಂದು ಪೂರ್ತಿ ಬರೆಯುತ್ತೇನೆ. ಉಳಿದದ್ದು ಕನ್ನಡ ಲಿಪಿಯಲ್ಲೇ ಇದೆ, ಹಾಗೆಯೇ ಇರುತ್ತದೆ.

ನಮೂದುಗಳನ್ನು ಅಕಾರಾದಿಯಾಗಿ ಜೋಡಿಸುವುದನ್ನೂ ಬಿಟ್ಟಿದ್ದೇನೆ, ಆದರೆ ಈಗಿನ ಜೋಡಣೆಯ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಹಾಳೆಯ ಅಂಚಿಗೆ ಹಚ್ಚುವ ಬಣ್ಣಕ್ಕೂ ಉಪಕರಣದ ಮೇಲಿನ ಒಂದು ಗುರುತಿಗೂ ಸಂಬಂಧವಿದೆ ಎಂದಷ್ಟೇ ತಿಳಿಸುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿದಿದೆ. ಆರುನೂರರಲ್ಲಿ ಈಗ ಉಳಿದಿರುವುದು ನೂರ ಎಂಬತ್ತೋ ತೊಂಬತ್ತೋ. ಒಂದೇ ಅರ್ಥವಿರುವ, ಯಾರೂ ಎಡವದ ಸಂಕ್ಷೇಪಗಳನ್ನೆಲ್ಲ ತೆಗೆದುಹಾಕಿದ್ದೇನೆ.

ಮೊದಲು ವರ್ಷಕ್ಕೆ ಐದಾರು ಬಾರಿಯಾದರೂ ತಪ್ಪು ಭಾಗ ತರಿಸುತ್ತಿದ್ದೆವು. ಕಳೆದ ಎರಡು ವರ್ಷಗಳಲ್ಲಿ ನನಗೆ ನೆನಪಿರುವಂತೆ ಒಂದೇ ಬಾರಿ, ಅದೂ ಪಟ್ಟಿಯಲ್ಲಿ ಇಲ್ಲದ ಸಂಕ್ಷೇಪದಿಂದ. ಕಾಗದ ದಂಡ ಎಂದಿದ್ದ ಹಿರಿಯರು ಕಳೆದ ತಿಂಗಳು ತಮ್ಮ ಮಗನಿಗೆಂದು ಒಂದು ಪ್ರತಿ ಕೇಳಿ ಪಡೆದರು. ನನಗೆ ಆದ ಸಂತೋಷವನ್ನು ನಾನು ಮುಚ್ಚಿಡಲಿಲ್ಲ. ಕೊಡುವ ಮುನ್ನ ಅದರಲ್ಲಿ ಹೊಸದೊಂದು ನಮೂದನ್ನು ಕೈಯಲ್ಲೇ ಬರೆದು ಸೇರಿಸಿದೆ: ವಿಓಸಿ. ಪಕ್ಕದಲ್ಲಿ ಪಿಪಿಎಂ ಅಥವಾ ಪಿಪಿಬಿ ಇದ್ದರೆ ಗಾಳಿಯಲ್ಲಿ ಆವಿಯಾಗುವ ಸಾವಯವ ಸಂಯುಕ್ತಗಳು. ವೋಲ್ಟ್ ಇದ್ದರೆ, ಹೊರೆ ಜೋಡಿಸದೆ ಬೆಳಕಿಗೆ ಹಿಡಿದ ಫೋಟೋಡಯೋಡಿನ ವೋಲ್ಟೇಜು, ಅದನ್ನು ಮೀಟರಿನಲ್ಲೇ ನೋಡಬಹುದು.