ಫಿಸಿಕ್ಸ್ ಡಿಗ್ರಿ ಓದುತ್ತಲೇ ರಿಸರ್ಚ್‌ಗೆ ಇಳಿಯೋದು ಹೇಗೆ?

ಮುಂದೆ ಪಿಎಚ್‌ಡಿ ಮಾಡುವ ಆಸೆ ಇದ್ದರೆ ಕೊನೇ ವರ್ಷದವರೆಗೆ ಕಾಯಬೇಡಿ. ಎರಡನೇ ವರ್ಷದಲ್ಲೇ ಹುಡುಕೋಕೆ ಶುರು ಮಾಡಿ. ಮಾರ್ಕ್ಸ್ ಬೇಕೇ ಬೇಕು, ಆದರೆ ಪುಸ್ತಕದ ಹಿಂದೆ ಉತ್ತರವೇ ಇಲ್ಲದ ಪ್ರಶ್ನೆ ಸಿಕ್ಕಾಗ ನೀವು ಏನು ಮಾಡುತ್ತೀರಿ ಅನ್ನೋದನ್ನ ಮಾರ್ಕ್ಸ್ ಕಾರ್ಡ್ ಹೇಳುವುದಿಲ್ಲ, ನಿಮ್ಮ ಜೊತೆ ಕೆಲಸ ಮಾಡಿದ ಪ್ರೊಫೆಸರ್ ಬರೆಯುವ ಪತ್ರ ಹೇಳುತ್ತದೆ. ಹಾಗಾಗಿ ನಾಲ್ಕು ಕಡೆ ಒಂದೊಂದು ತಿಂಗಳಿದ್ದು ಸರ್ಟಿಫಿಕೇಟ್ ಗುಡ್ಡೆ ಹಾಕುವುದಕ್ಕಿಂತ ಒಂದೇ ಕಡೆ ವರ್ಷ ಪೂರ್ತಿ ಅಂಟಿಕೊಂಡಿದ್ದರೆ ಲಾಭ ಜಾಸ್ತಿ.

ಮೊದಲು ನಿಮ್ಮ ಡಿಪಾರ್ಟ್‌ಮೆಂಟಿನಲ್ಲೇ ನೋಡಿ. ದಿನಾ ಪಾಠ ಮಾಡುವ ಮೇಷ್ಟ್ರು ಯಾವುದರ ಮೇಲೆ ರಿಸರ್ಚ್ ಮಾಡುತ್ತಿದ್ದಾರೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ! ವಿಜ್ಞಾನಿಗಳು ತಮ್ಮ ಪೇಪರ್ ಹಾಕುವ, 1991ರಿಂದ ನಡೆಯುತ್ತಿರುವ ಆರ್ಕೈವ್ (arXiv) ತಾಣದಲ್ಲಿ ಅವರ ಹೆಸರು ಹುಡುಕಿ, ಇತ್ತೀಚಿನ ಒಂದೆರಡು ಪೇಪರ್ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಪೂರ್ತಿ ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಶುರುವಿನ ಸಾರಾಂಶ, ಗ್ರಾಫ್‌ಗಳು, ಕೊನೇ ಪ್ಯಾರಾ ಓದಿದರೆ ಮಾತಾಡುವಷ್ಟು ಸಿಗುತ್ತದೆ.

ಆಮೇಲೆ ಮೇಲ್. 'ನಿಮ್ಮ ಸಂಶೋಧನೆಯಿಂದ ಬಹಳ ಸ್ಫೂರ್ತಿ ಪಡೆದಿದ್ದೇನೆ' ಅನ್ನೋ ಸಾಲು ಊರಿಗೆಲ್ಲ ಕಳಿಸಿದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಬದಲಿಗೆ, 'ಮೂರನೇ ಗ್ರಾಫಿನಲ್ಲಿ ತಾಪಮಾನ ಇಳಿದಂತೆ ರೆಸಿಸ್ಟೆನ್ಸ್ ಇಳಿದು, ಕೊನೆಗೆ ಮತ್ತೆ ಏರಿದೆಯಲ್ಲ, ಅದು ಸ್ಯಾಂಪಲ್ಲಿನ ಗುಣವೋ ಕಾಂಟ್ಯಾಕ್ಟಿನ ತೊಂದರೆಯೋ?' ಅಂತ ಕೇಳಿ. ಯಾವ ಕೋರ್ಸ್ ಮುಗಿದಿದೆ, ಪೈಥಾನ್ ಎಷ್ಟು ಬರುತ್ತದೆ, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ, ಇಷ್ಟು ಸೇರಿಸಿದರೆ ಸಾಕು. ವಾರ ಕಳೆದರೂ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಇಲ್ಲವೇ ಸೀದಾ ಹೋಗಿ ಮಾತಾಡಿಸಿ.

ಯಾರೂ ಸೇರಿಸಿಕೊಳ್ಳಲಿಲ್ವಾ? ಸುಮ್ನೆ ಕೂರಬೇಡಿ. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ (CERN) ಓಪನ್ ಡೇಟಾ ತಾಣ 2014ರಿಂದಲೂ ಎಲ್ಲರಿಗೂ ತೆರೆದಿದೆ. ಅಲ್ಲಿಂದ ಕಣಗಳ ಡಿಕ್ಕಿಯನ್ನು ದಾಖಲಿಸುವ ಸಿಎಂಎಸ್ ಪ್ರಯೋಗದ, ಪ್ರತಿ ಡಿಕ್ಕಿಗೆ ಎರಡೆರಡು ಮ್ಯೂಆನ್ (ಎಲೆಕ್ಟ್ರಾನಿನಂಥದೇ, ಆದರೆ ಹೆಚ್ಚು ಭಾರದ ಕಣ) ಇರುವ ಫೈಲ್ ತಗೊಂಡು, ಪ್ರತಿ ಜೋಡಿಯ ಇನ್‌ವೇರಿಯಂಟ್ ಮಾಸ್ (ಜೋಡಿ ಒಂದೇ ಕಣ ಒಡೆದು ಹುಟ್ಟಿದ್ದರೆ ಆ ಕಣದ ದ್ರವ್ಯರಾಶಿ) ಲೆಕ್ಕ ಹಾಕಿ ಹಿಸ್ಟೋಗ್ರಾಂ ಮಾಡಿ. 3.1 ಜಿಇವಿ (GeV, ಕಣಗಳ ದ್ರವ್ಯರಾಶಿ ಅಳೆಯುವ ಮಾನ) ಹತ್ತಿರ ಜೆ/ಸೈ ಅನ್ನೋ ಕಣ, 91ರ ಹತ್ತಿರ ಝಡ್ ಬೋಸಾನ್ ಅನ್ನೋ ಕಣ ಶಿಖರಗಳಾಗಿ ಎದ್ದು ಕಾಣುತ್ತವೆ. ಇಲ್ಲಿಗೇ ನಿಲ್ಲಿಸುವವರೇ ಜಾಸ್ತಿ, ಆದರೆ ಅಸಲಿ ಪ್ರಶ್ನೆ ಈಗ ಶುರು: ಆ ಶಿಖರಗಳಿಗೆ ಅಷ್ಟು ಅಗಲ ಎಲ್ಲಿಂದ ಬಂತು? ಜೆ/ಸೈ ಕಣದ ಸ್ವಂತ ಅಗಲ 0.1 ಎಂಇವಿಗಿಂತಲೂ (ಎಂಇವಿ ಅಂದರೆ ಜಿಇವಿಯ ಸಾವಿರದ ಒಂದು ಭಾಗ) ಕಡಿಮೆ, ಅಂದರೆ ನಿಮಗೆ ಕಾಣುವುದು ಡಿಟೆಕ್ಟರಿನ ಮಿತಿ. ಝಡ್‌ನ ಸ್ವಂತ ಅಗಲವೇ ಸುಮಾರು 2.5 ಜಿಇವಿ, ಹಾಗಾಗಿ ಅಲ್ಲಿ ಕಾಣುವ ಅಗಲದಲ್ಲಿ ಬಹುಪಾಲು ಕಣದ್ದೇ. ಇದನ್ನು ಫಿಟ್ ಮಾಡಿ ಎರಡು ಪುಟ ಬರೆದು ಮುಂದಿನ ಮೇಲ್ ಜೊತೆ ಕಳಿಸಿ ನೋಡಿ.

ಲ್ಯಾಬಿಗೆ ಸೇರಿದ ಮೇಲೆ ಮೊದಲ ಕೆಲವು ತಿಂಗಳು ಕೇಬಲ್ ಜೋಡಿಸೋದು, ಬೇರೆಯವರ ಕೋಡ್ ಸರಿ ಮಾಡೋದು, ಇಂಥದ್ದೇ. ಬೇಜಾರಾಗುತ್ತದೆ, ನಿಜ. ಆದರೂ ತಾರೀಖು, ಸೆಟ್ಟಿಂಗ್, ಕೆಟ್ಟುಹೋದ ರೀಡಿಂಗ್ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಿಕ್ಕಿಹಾಕಿಕೊಂಡಾಗ 'ಬರ್ತಿಲ್ಲ ಸರ್' ಅನ್ನಬೇಡಿ. ಏನೇನು ಮಾಡಿ ನೋಡಿದ್ದೀರಿ ಅಂತ ಮೊದಲು ತೋರಿಸಿ, ಆಮೇಲೆ ಕೇಳಿ.

ಶಿಫಾರಸು ಪತ್ರವನ್ನು ಕಡೇಪಕ್ಷ ಒಂದು ತಿಂಗಳು ಮೊದಲೇ ಕೇಳಿ. ಜೊತೆಗೆ ನೀವು ಮಾಡಿದ ಕೆಲಸದ ಒಂದು ಪುಟ, ಎಲ್ಲೆಲ್ಲಿಗೆ ಅರ್ಜಿ, ಯಾವಾಗ ಕೊನೇ ದಿನ ಅನ್ನೋ ಪಟ್ಟಿ ಕೊಡಿ. ಅವರು 'ನೋಡೋಣ' ಅಂತ ಎಳೆದರೆ ಒತ್ತಾಯ ಮಾಡದೆ ಇನ್ನೊಬ್ಬರನ್ನು ಕೇಳಿ.