ಮುಂಗಾರಿಗೆ ಮೊದಲು ಹಳೆಯ ಎಂಜಿಬಿಯ ವೈಪರ್ ಸರಿಪಡಿಸುವುದು ಹೇಗೆ?

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ವೈಪರ್ ತೆವಳತೊಡಗಿದರೆ ಎಲ್ಲರ ಅನುಮಾನ ಮೊದಲು ಹೋಗುವುದು ಮೋಟಾರಿನ ಮೇಲೆ. ದುಡ್ಡು ಸುರಿದು ಬೇರೆ ಮೋಟಾರು ಕೂರಿಸಿದರೂ ಚಾರ್ಮಾಡಿ ಘಾಟಿಯ ಮಳೆಗೆ ಅದೂ ಹಾಗೇ ತೆವಳುತ್ತದೆ. ಲೂಕಾಸ್ ಕಂಪನಿಯ ಈ ಮೋಟಾರುಗಳು ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ. ತೊಂದರೆ ಹೆಚ್ಚಾಗಿ ಇರುವುದು ಎರಡು ಕಡೆ: ಮೋಟಾರಿನ ಚಲನೆಯನ್ನು ವೈಪರಿಗೆ ಒಯ್ಯುವ, ಗ್ರೀಸು ಒಣಗಿ ಬಿಗಿಯಾದ ರ‍್ಯಾಕ್ ಮತ್ತು ತುಕ್ಕು ತಿಂದ ಅರ್ತಿಂಗ್, ಅಂದರೆ ವೈರು ಕಾರಿನ ಲೋಹದ ಮೈಗೆ ಸೇರುವ ಜೋಡಣೆ. ಜೂನ್ ಮೊದಲ ವಾರ ಮೃಗಶಿರಾ ಮಳೆ ಹಿಡಿಯುವ ಮುಂಚೆಯೇ ಇವೆರಡನ್ನೂ ನೋಡಿಬಿಡುವುದು ಒಳ್ಳೆಯದು. ಆರಿದ್ರಾ ಮಳೆಯಲ್ಲಿ ಮೂಡಿಗೆರೆ ರಸ್ತೆಯ ಬದಿಗೆ ನಿಂತು ಮಾಡುವ ಕೆಲಸವಲ್ಲ ಇದು.

ನಿಮ್ಮದು ಯಾವ ಮೋಟಾರು?

1962ರಿಂದ 1967ರವರೆಗಿನ ಎಂಜಿಬಿಗಳಲ್ಲಿ ಒಂದೇ ವೇಗದ ಡಿಆರ್3ಎ ಮೋಟಾರು ಇರುತ್ತದೆ. ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಮೈಗೆ (ಬಾಡಿಗೆ) ಅರ್ತ್ ಆಗಿರುತ್ತದೆ. ಅನಂತರದ ಕಾರುಗಳಲ್ಲಿ ಎರಡು ವೇಗದ 14ಡಬ್ಲ್ಯು ಮೋಟಾರು, ನೆಗೆಟಿವ್ ಅರ್ತ್. ಎರಡರಲ್ಲೂ ಕೆಲಸ ನಡೆಯುವ ಬಗೆ ಒಂದೇ. ಮೋಟಾರಿನ ಗಿಯರು, ಉಕ್ಕಿನ ಕೊಳವೆಯೊಳಗಿನ ಹಲ್ಲಿನ ಕೇಬಲ್ಲನ್ನು, ಅಂದರೆ ರ‍್ಯಾಕನ್ನು, ಹಿಂದೆ ಮುಂದೆ ತಳ್ಳುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ವೀಲ್‌ಬಾಕ್ಸ್‌ಗಳು ಆ ಚಲನೆಯನ್ನು ತೋಳುಗಳಿಗೆ ಕೊಡುತ್ತವೆ.

ಮೊದಲು ಕರೆಂಟು ನೋಡಿ

ಇದಕ್ಕೆ ಮಲ್ಟಿಮೀಟರ್ ಸಾಕು. ಕೀ ಹಾಕಿ, ವೈಪರ್ ಓಡುತ್ತಿರುವಾಗಲೇ ಮೋಟಾರಿಗೆ ಬರುವ ವೈರಿನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯ ವೋಲ್ಟೇಜಿಗಿಂತ ಅದು ಅರ್ಧ ವೋಲ್ಟನ್ನೂ ಮೀರಿ ಕಡಿಮೆಯಿದ್ದರೆ ಫ್ಯೂಸ್ ಹಿಡಿಕೆಯನ್ನೂ ಜೋಡಣೆಗಳನ್ನೂ ಮರಳು ಕಾಗದದಿಂದ ಉಜ್ಜಿ. ನಮ್ಮ ಕಡೆಯ ತೇವದಲ್ಲಿ ಫ್ಯೂಸ್ ಹಿಡಿಕೆಯ ಮೇಲೆ ಹಸಿರು ಕಿಲುಬು ಕಟ್ಟಿಕೊಳ್ಳುವುದು ಮಾಮೂಲು. ಕಾರು ಪಾಸಿಟಿವ್ ಅರ್ತಿನದಾದರೆ ಮೀಟರಿನ ಕೆಂಪು ಕಡ್ಡಿಯನ್ನು ಬಾಡಿಗೆ ಹಿಡಿಯಬೇಕು ಎಂಬುದು ನೆನಪಿರಲಿ.

ಡಿಆರ್3ಎಯಲ್ಲಿ ಒಂದು ವಿಶೇಷವಿದೆ. ಕೀ ತಿರುಗಿಸಿದ ಕೂಡಲೇ ಮೋಟಾರಿಗೆ ಕರೆಂಟು ಬಂದು ನಿಂತಿರುತ್ತದೆ. ಸ್ವಿಚ್ಚು ಮಾಡುವುದು ಅರ್ತ್ ಕೊಡುವ ಕೆಲಸ ಮಾತ್ರ. ಹಾಗಾಗಿ ಮೋಟಾರಿನಿಂದ ಸ್ವಿಚ್ಚಿಗೆ ಹೋಗುವ ವೈರನ್ನು ಬಿಚ್ಚಿ, ಮೋಟಾರಿನ ಆ ತುದಿಯನ್ನು ಒಂದು ತುಂಡು ವೈರಿನಿಂದ ಬಾಡಿಗೆ ಮುಟ್ಟಿಸಿ. ಮೋಟಾರು ಚುರುಕಾಗಿ ತಿರುಗಿತೋ, ದೋಷ ಸ್ವಿಚ್ಚಿನಲ್ಲಿ ಅಥವಾ ಸ್ವಿಚ್ಚಿನ ಅರ್ತಿನಲ್ಲಿದೆ. 14ಡಬ್ಲ್ಯುನಲ್ಲಾದರೆ ಕಪ್ಪು ಅರ್ತ್ ವೈರು ಬಾಡಿಗೆ ಸೇರುವ ಜಾಗದ ಬಣ್ಣ, ತುಕ್ಕು ಕೆರೆದು ಗಟ್ಟಿಯಾಗಿ ಬಿಗಿಯಿರಿ. ಮೋಟಾರು ಕೂತಿರುವುದು ರಬ್ಬರಿನ ಮೇಲೆ, ಆದ್ದರಿಂದ ಬೋಲ್ಟುಗಳ ಮೂಲಕ ಅರ್ತ್ ಸಿಗುತ್ತದೆಂದು ನಂಬಬೇಡಿ.

ಆಮೇಲೆ ರ‍್ಯಾಕ್

ಮುಖ್ಯ ಕೆಲಸ ಇಲ್ಲೇ ಇರುವುದು, ಅವಸರ ಬೇಡ. ತೋಳನ್ನು ಗಾಜಿನಿಂದ ಮೇಲೆತ್ತಿ, ಬುಡದ ಸಣ್ಣ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೇರಕ್ಕೆ ಎಳೆದರೆ ಬರುತ್ತದೆ. ಅಡ್ಡಡ್ಡ ಮೀಟಿದರೆ ತೋಳು ಕೂರುವ ಸಣ್ಣ ದಂಡದ, ಅಂದರೆ ಸ್ಪಿಂಡಲ್ಲಿನ, ಗೀರುಗಳು ಹಾಳಾಗುತ್ತವೆ. ಬ್ಯಾಟರಿ ಕಳಚಿ, ಮೋಟಾರಿನ ಗಿಯರ್‌ಬಾಕ್ಸ್ ಮುಚ್ಚಳ ತೆಗೆಯಿರಿ. ಗಿಯರಿನ ಮೇಲೆ ಎದ್ದು ನಿಂತ ಕ್ರ್ಯಾಂಕ್ ಪಿನ್ನಿನ ಸರ್ಕ್ಲಿಪ್ (ಉಂಗುರದಂಥ ಕ್ಲಿಪ್ಪು) ಬಿಡಿಸಿ, ಅದನ್ನು ಕೇಬಲ್ಲಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಎತ್ತಿ. ಅಲ್ಲಿನ ವಾಷರುಗಳು ಯಾವ ಸಾಲಿನಲ್ಲಿದ್ದವು ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ರ‍್ಯಾಕಿನ ತುದಿಗೆ ಸಣ್ಣ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಕಾಫಿ ಹಣ್ಣು ತೂಗುವ ದೊಡ್ಡದು ಬೇಡ, ಐದು ಕಿಲೋದೊಳಗಿನದು ಬೇಕು. 6 ಪೌಂಡ್, ಅಂದರೆ ಸುಮಾರು 2.7 ಕಿಲೋ ಎಳೆತಕ್ಕೆ ರ‍್ಯಾಕ್ ಸರಾಗವಾಗಿ ಜಾರಬೇಕು. ಅದಕ್ಕಿಂತ ಹೆಚ್ಚು ಬೇಕಾದರೆ ಇನ್ನು ಮೋಟಾರನ್ನು ದೂರಬೇಕಿಲ್ಲ. ರ‍್ಯಾಕನ್ನು ಪೂರ್ತಿ ಹೊರಗೆಳೆದು ಡೀಸೆಲ್‌ನಲ್ಲಿ ತೊಳೆಯಿರಿ. ಮೇಣದಂತಾದ ಹಳೆಯ ಗ್ರೀಸು ಬಿಡುವವರೆಗೂ ಬ್ರಷ್ಷಿನಿಂದ ಉಜ್ಜಿ ಒರೆಸಿ. ಕೊಳವೆ ಎಲ್ಲಾದರೂ ಜಜ್ಜಿದೆಯೇ, ಕಡಿದಾಗಿ ಬಾಗಿದೆಯೇ ನೋಡಿ. ವೀಲ್‌ಬಾಕ್ಸಿನ ತಗಡನ್ನು ಅತಿಯಾಗಿ ಬಿಗಿದರೂ ಕೊಳವೆಯ ಬಾಯಿ ಓರೆಯಾಗಿ ರ‍್ಯಾಕ್ ಕಚ್ಚಿಕೊಳ್ಳುತ್ತದೆ. ಆ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಮತ್ತೆ ಎಳೆದು ನೋಡಿ.

ರ‍್ಯಾಕ್ ಹೊರಗಿದ್ದಾಗಲೇ ಖರ್ಚಿಲ್ಲದ ಇನ್ನೊಂದು ರಿಪೇರಿ ಮಾಡಿಕೊಳ್ಳಬಹುದು. ತೋಳನ್ನು ಕೈಯಲ್ಲಿ ಅಲುಗಾಡಿಸಿದರೆ ಸಡಿಲವಾಗಿ ಆಡುತ್ತಿತ್ತೇ? ವೀಲ್‌ಬಾಕ್ಸಿನ ಗಿಯರು ಪೂರ್ತಿ ಸುತ್ತುವುದಿಲ್ಲ, ಹಾಗಾಗಿ ಸವೆಯುವುದು ಒಂದು ಬದಿಯ ಹಲ್ಲುಗಳು ಮಾತ್ರ. ಸ್ಪಿಂಡಲ್ಲನ್ನು ಅರ್ಧ ಸುತ್ತು ತಿರುಗಿಸಿ ರ‍್ಯಾಕನ್ನು ಹಿಂದಕ್ಕೆ ಹಾಕಿದರೆ ಸವೆಯದ ಹಲ್ಲುಗಳು ಕೆಲಸಕ್ಕೆ ಬರುತ್ತವೆ. ಬಹಳ ಕಾರುಗಳಲ್ಲಿ ಇದೊಂದರಿಂದಲೇ ತೋಳಿನ ಅಲುಗಾಟ ನಿಲ್ಲುತ್ತದೆ. ರ‍್ಯಾಕಿಗೆ ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಿ ಸಾಕು. ಕೊಳವೆ ತುಂಬ ತುಂಬಿದರೆ ಮಾಗಿ ಚಳಿಯ ಬೆಳಗ್ಗೆ ಅದೇ ಗ್ರೀಸು ಅಡ್ಡಿಯಾಗುತ್ತದೆ.

ಮೋಟಾರು ಒಂದೇ ಓಡಿಸಿ

ರ‍್ಯಾಕ್ ಜೋಡಿಸುವ ಮುಂಚೆ ಬ್ಯಾಟರಿ ಹಾಕಿ ಬರಿಯ ಮೋಟಾರನ್ನು ಓಡಿಸಿ ನೋಡಿ. ಡಿಆರ್3ಎ 2.7ರಿಂದ 3.4 ಆಂಪ್ ಎಳೆಯಬೇಕು. 14ಡಬ್ಲ್ಯು ಕಡಿಮೆ ವೇಗದಲ್ಲಿ ಸುಮಾರು 1.5 ಆಂಪ್ ಎಳೆದು ನಿಮಿಷಕ್ಕೆ 46ರಿಂದ 52 ಸುತ್ತು, ಹೆಚ್ಚಿನ ವೇಗದಲ್ಲಿ 2 ಆಂಪ್ ಎಳೆದು 60ರಿಂದ 70 ಸುತ್ತು ತಿರುಗಬೇಕು. ಲೆಕ್ಕ ಹಾಕಬೇಕಾದ್ದು ಗಿಯರಿನ ಸುತ್ತನ್ನು, ಮೋಟಾರಿನೊಳಗೆ ಜೋರಾಗಿ ಸುತ್ತುವ ಆರ್ಮೇಚರಿನದ್ದಲ್ಲ. ಇಲ್ಲೂ ನಿಧಾನವಿದ್ದರೆ ಮಾತ್ರ ಮೋಟಾರು ಬಿಚ್ಚಿ ಕರೆಂಟು ದಾಟಿಸುವ ಇಂಗಾಲದ ಬ್ರಷ್ ನೋಡಿ, ಅದು ಉಜ್ಜುವ ತಾಮ್ರದ ಕಮ್ಯುಟೇಟರಿನ ಕರಿ ಒರೆಸಿ.

ನಿಲ್ಲುವ ಜಾಗ

ರ‍್ಯಾಕನ್ನು ಮತ್ತೆ ಜೋಡಿಸಿ, ತೋಳುಗಳಿಲ್ಲದೆ ಮೋಟಾರು ಓಡಿಸಿ, ವೈಪರ್ ಸ್ವಿಚ್ಚಿನಿಂದಲೇ ನಿಲ್ಲಿಸಿ. ಕೀ ತೆಗೆದು ನಿಲ್ಲಿಸಿದರೆ ಸ್ಪಿಂಡಲ್ ಅರ್ಧ ದಾರಿಯಲ್ಲಿ ನಿಂತು ಎಲ್ಲ ಲೆಕ್ಕ ತಪ್ಪುತ್ತದೆ. ತನ್ನ ಜಾಗದಲ್ಲಿ ನಿಂತ ಮೇಲೆ, ಬ್ಲೇಡುಗಳು ಗಾಜಿನ ಕೆಳಗಿನ ರಬ್ಬರಿಗೆ ಸಮಾನಾಂತರವಾಗಿ, ಒಂದು ಬೆರಳಿನ ಅಂತರದಲ್ಲಿ ಮಲಗುವಂತೆ ತೋಳುಗಳನ್ನು ಒತ್ತಿ ಕೂರಿಸಿ.

ಡಿಆರ್3ಎ ತಪ್ಪು ಜಾಗದಲ್ಲಿ ನಿಂತರೆ ಗಿಯರ್‌ಬಾಕ್ಸ್ ಮೇಲಿನ ಗುಮ್ಮಟದಂಥ ಮುಚ್ಚಳದ ಸ್ಕ್ರೂಗಳನ್ನು ಸಡಿಲಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಪರೀಕ್ಷಿಸಿ. ಇದನ್ನು ನಿರ್ಲಕ್ಷಿಸಬೇಡಿ. ಸ್ವಿಚ್ಚು ಆಫ್ ಮಾಡಿದ ಮೇಲೂ ಒಳಗಿನ ಸಂಪರ್ಕ ಕಡಿಯದಿದ್ದರೆ ಮೋಟಾರು ಕರೆಂಟು ಎಳೆಯುತ್ತಲೇ ಇದ್ದು ಸುಟ್ಟುಹೋಗುತ್ತದೆ. 14ಡಬ್ಲ್ಯು ಗಾಜಿನ ತಪ್ಪು ಬದಿಯಲ್ಲಿ ನಿಲ್ಲುತ್ತಿದ್ದರೆ ಅದು ಎಡಗೈ ಚಾಲನೆಯ ಕಾರಿನಿಂದ ಬಂದದ್ದಿರಬಹುದು. ಅದಕ್ಕೆ ಕ್ರ್ಯಾಂಕ್ ಪಿನ್ನು ಎದುರು ಬದಿಗಿರುವ ಗಿಯರು ಬೇಕು.

ಬ್ಲೇಡು ಕಿರುಗುಟ್ಟಿದರೆ

ಗಾಜನ್ನು ಮೊದಲು ಸ್ಪಿರಿಟ್ಟಿನಿಂದ ಒರೆಸಿ. ನೆರಳಿನ ಮರಗಳಡಿ ನಿಂತ ಕಾರಿನ ಗಾಜಿಗೆ ಹತ್ತಿದ ಅಂಟು ಬರಿ ನೀರಿಗೆ ಹೋಗುವುದಿಲ್ಲ. ಆಮೇಲೂ ಒಂದು ದಿಕ್ಕಿನಲ್ಲಷ್ಟೇ ನಡುಗಿದರೆ ತೋಳಿನ ತುದಿ ತಿರುಚಿದೆ ಎಂದರ್ಥ. ಎರಡು ಇಕ್ಕಳದಲ್ಲಿ ಹಿಡಿದು, ರಬ್ಬರು ಗಾಜಿಗೆ ನೇರ ನಿಲ್ಲುವಷ್ಟು ಹದವಾಗಿ ತಿರುಚಿ. ಒಣಗಾಜಿನ ಮೇಲೆ ಓಡಿಸಿ ನೋಡಬೇಡಿ, ಪೈಪಿನಲ್ಲಿ ನೀರು ಬಿಡುತ್ತಿರಲಿ.

ನೀರು ಬಿಟ್ಟಾಗಲೇ ಡ್ಯಾಶ್‌ಬೋರ್ಡಿನ ಕೆಳಗೂ ಕೈಯಾಡಿಸಿ. ಸ್ಪಿಂಡಲ್ ಬುಡದ ರಬ್ಬರು ಬಿರಿದಿದ್ದರೆ ನೀರು ಒಳಗಿನ ವೈರುಗಳ ಮೇಲೆ ತೊಟ್ಟಿಕ್ಕುತ್ತದೆ, ವೀಲ್‌ಬಾಕ್ಸಿಗೂ ತುಕ್ಕು ಹಿಡಿಯುತ್ತದೆ. ಬಿರಿದ ರಬ್ಬರನ್ನು ಬದಲಿಸಿ. ಚೆನ್ನಾಗಿದ್ದರೆ ಎರಡು ಹನಿ ಗ್ಲಿಸರಿನ್ ಬಿಡಿ. ಎಂಜಿನ್ ಆಯಿಲ್ ಬೇಡ, ಅದಕ್ಕೆ ರಬ್ಬರು ಉಬ್ಬುತ್ತದೆ.