ಕೊಂಬು ಕುಟ್ಟಿ ಮ್ಯೂಲ್ ಡಿಯರ್ ಕರೆಯೋದು ಹೆಂಗೆ

ದಾವಣಗೆರೆ ದುಗ್ಗಮ್ಮನ ಜಾತ್ರೇಲಿ ಟಗರು ಕಾಳಗ ನೋಡ್ದೋರಿಗೆ ಇದು ಬೇಗ ತಲೆಗೆ ಹತ್ತುತ್ತೆ. ಎರಡು ಟಗರು ಗುದ್ದಿದ ಸದ್ದು ಕೇಳಿದ್ರೆ ಮಂಡಕ್ಕಿ ತಿಂತಿದ್ದ ಜನಾನೂ ಎದ್ದು ಓಡ್ಬರ್ತಾರಲ್ಲ, ಅಮೆರಿಕದ ಮ್ಯೂಲ್ ಡಿಯರ್ ಅನ್ನೋ ಜಾತಿಯ ಗಂಡು ಜಿಂಕೆನೂ ಹಂಗೇ, ಬೆದೆ ಟೈಮಲ್ಲಿ ಕೊಂಬಿನ ಸದ್ದು ಬಂತು ಅಂದ್ರೆ ಯಾರು ಯಾರು ಬಡಿದಾಡ್ತಿದಾರೆ, ಹತ್ರ ಹೆಣ್ಣು ಐತೇನು ಅಂತ ನೋಡೋಕೆ ಬರುತ್ತೆ. ನಾನು ಕೊಲರಾಡೋದಲ್ಲಿದ್ದಾಗ ಕಲಿತಿದ್ದು ಇದು, ಈಗ ನಮ್ಮಣ್ಣನ ಮಗ ಅಲ್ಲೇ ಡೆನ್ವರ್‌ಗೆ ಹೋಗಿದಾನೆ, ಚಿಕ್ಕಪ್ಪ ಹೇಳ್ಕೊಡಿ ಅಂತ ವಾರಕ್ಕೊಂದ್ಸಲ ಫೋನ್ ಮಾಡ್ತಾನೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಿದೀನಿ.

ಮೊದ್ಲೇ ಹೇಳ್ಬಿಡ್ತೀನಿ, ಇದು ಪೂರ್ತಿ ಅಮೆರಿಕದ ಮಾತು. ನಮ್ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಜೋಗಿಮಟ್ಟಿಲಾಗ್ಲಿ, ಜಗಳೂರು ಕಡೆ ಕೊಂಡುಕುರಿ ಇರೋ ರಂಗಯ್ಯನದುರ್ಗ ಕಾಡಲ್ಲಾಗ್ಲಿ ಇದನ್ನ ಟ್ರೈ ಮಾಡೋಕೆ ಹೋಗ್ಬೇಡ್ರಿ, ಉದುರಿದ ಕೊಂಬು ಸಿಕ್ಕಿದ್ರೂ ಮನೆಗೆ ತರ್ಬೇಡ್ರಿ. ಅಲ್ಲೂ ಲೈಸೆನ್ಸ್ ಇಲ್ದೆ ಬೇಟೆ ಆಡಂಗಿಲ್ಲ, ಕೊಲರಾಡೋದಲ್ಲಿ ಬೇಟೆ ತರಬೇತಿ ಮುಗಿಸಿದ್ದಕ್ಕೆ ಕೊಡೋ ಹಂಟರ್ ಎಜುಕೇಷನ್ ಕಾರ್ಡ್ ಬೇಕು, ಜಿಂಕೆ ಟ್ಯಾಗಿಗೆ, ಅಂದ್ರೆ ಜಿಂಕೆ ಹೊಡೆಯೋ ಪರವಾನಗಿಗೆ, ಏಪ್ರಿಲ್‌ನಲ್ಲೇ ಅರ್ಜಿ ಹಾಕ್ಬೇಕು.

ಕೊಂಬು ಬೇಕಲ್ಲ, ಉದುರಿದ್ದೇ ಸಾಕು. ಕೃಷ್ಣಮೃಗದ ಕೊಂಬು ಸಾಯೋವರೆಗೂ ತಲೆ ಮೇಲಿರುತ್ತೆ, ಮ್ಯೂಲ್ ಡಿಯರ್‌ದು ಪ್ರತಿ ವರ್ಷ ಉದುರಿ ಹೊಸದು ಬರುತ್ತೆ. ಆದ್ರೆ ಕೊಲರಾಡೋದಲ್ಲಿ ಐ-25 ಹೆದ್ದಾರಿಯಿಂದ ಪಶ್ಚಿಮಕ್ಕೆ ಸರ್ಕಾರಿ ಜಮೀನಲ್ಲಿ ಜನವರಿ 1ರಿಂದ ಏಪ್ರಿಲ್ 30ರ ತನಕ ಹೆಕ್ಕಂಗಿಲ್ಲ, ಚಳಿಗೆ ಸೊರಗಿದ ಜಿಂಕೆಗಳನ್ನ ಜನ ಓಡಿಸ್ಬಾರ್ದು ಅಂತ. ತೀರಾ ಬಿಸಿಲಿಗೆ ಬಿದ್ದು ಬೆಳ್ಳಗಾಗಿ ಬಿರುಕು ಬಿಟ್ಟಿದ್ದು ಬೇಡ, ಒಣ ಸೌದೆ ಥರ ಸದ್ದು ಬರುತ್ತೆ, ಕಂದು ಬಣ್ಣ ಇರೋ ಭಾರದ್ದು ನೋಡಿ ತಗೊಳ್ರಿ. ಬುಡದ ಹತ್ರದ ಚಿಕ್ಕ ಕವಲು ಗರಗಸದಲ್ಲಿ ಕೊಯ್ದು ಉಜ್ಜಿಬಿಡ್ರಿ, ಇಲ್ಲಾಂದ್ರೆ ಬೆರಳು ಜಜ್ಜಿಹೋಗುತ್ತೆ.

ಬೆದೆ ಜೋರಾಗಿರೋದು ನವೆಂಬರ್ ಮಧ್ಯದ ಆಚೆ ಈಚೆ. ಅದಕ್ಕಿಂತ ಸ್ವಲ್ಪ ಮುಂಚೆ ಗಂಡುಗಳು ಹೆಣ್ಣು ಹುಡುಕ್ಕೊಂಡು ಅಲೀತಿರ್ತವಲ್ಲ, ಆ ದಿನಗಳು ಒಳ್ಳೇವು. ಹೆಣ್ಣಿನ ಜೊತೆ ನಿಂತ ದೊಡ್ಡ ಗಂಡು ಎಷ್ಟು ಕುಟ್ಟಿದ್ರೂ ಅಲ್ಲಾಡಲ್ಲ. ಇನ್ನೊಂದು, ಅಲ್ಲಿನ ಇನ್ನೊಂದು ಜಾತಿ ಜಿಂಕೆ ವೈಟ್‌ಟೇಲ್ ಬರೋ ಥರ ಮ್ಯೂಲ್ ಡಿಯರ್ ಓಡೋಡಿ ಬರಲ್ಲ, ಇದು ಬಯಲಿನ ಜಿಂಕೆ, ದೂರದಿಂದ್ಲೇ ನಿಂತು ನೋಡುತ್ತೆ. ಅದಕ್ಕೆ ಬೆಳಗಾಗ್ತಿದ್ದಂಗೆ ಎತ್ತರದಲ್ಲಿ ಕೂತು ಬೈನಾಕ್ಯುಲರ್‌ನಲ್ಲಿ ಹೆಣ್ಣುಗಳ ಗುಂಪು ಎಲ್ಲೈತೆ ಅಂತ ಹುಡುಕಿ, ಆಮೇಲೆ ಅದರ ಹತ್ರ ಮರೆಯಲ್ಲಿ ಜಾಗ ಹಿಡೀರಿ. ಸುಮ್ನೆ ಸಿಕ್ಕಸಿಕ್ಕಲ್ಲಿ ಕುಟ್ಟಿದ್ರೆ ಕೈ ನೋವಷ್ಟೇ.

ಗಾಳಿ. ಇದೊಂದು ತಪ್ಪಿದ್ರೆ ಮಿಕ್ಕಿದ್ದೆಲ್ಲ ದಂಡ. ಕಣದಲ್ಲಿ ತೂರುವಾಗ ಒಂದು ಹಿಡಿ ಎತ್ತಿ ಬಿಟ್ಟು ಹೊಟ್ಟು ಯಾವ ಕಡೆ ಹೋಗುತ್ತೆ ನೋಡ್ತೀವಲ್ಲ, ಹಂಗೇ ಚೂರು ಹಿಟ್ಟು ಗಾಳಿಗೆ ಬಿಟ್ಟು ನೋಡ್ರಿ. ಗುಡ್ಡದಲ್ಲಿ ಬೆಳಗ್ಗೆ ತಣ್ಣನೆ ಗಾಳಿ ಕೆಳಗೆ ಇಳಿಯುತ್ತೆ, ಬಿಸಿಲೇರಿದ ಮೇಲೆ ಮೇಲಕ್ಕೆ ಹೋಗುತ್ತೆ, ಒಂದೇ ಜಾಗ ಎರಡು ಗಂಟೆಯಲ್ಲಿ ಕೆಟ್ಟೋಗುತ್ತೆ. ಗಂಡು ಜಿಂಕೆ ಸಾಮಾನ್ಯವಾಗಿ ಸುತ್ತು ಹಾಕಿ ನಮ್ ವಾಸನೆ ಸಿಗೋ ಕಡೆಯಿಂದ್ಲೇ ಬರುತ್ತೆ, ಹಾಗಾಗಿ ಇಬ್ರಿದ್ರೆ ಕುಟ್ಟೋನು ಹಿಂದೆ, ಬಂದೂಕು ಹಿಡಿದೋನು ಆ ಸುತ್ತು ಕಾಣೋ ಕಡೆ.

ಈಗ ಸದ್ದು. ಎಲ್ರೂ ತಪ್ಪು ಮಾಡೋದು ಇಲ್ಲೇ, ನಾನೂ ಮೊದಲ ಎರಡು ವರ್ಷ ಟಗರು ಗುದ್ದಿದಂಗೆ ಢಂ ಢಂ ಅಂತ ಹೊಡೀತಿದ್ದೆ, ಒಂದೂ ಬರ್ಲಿಲ್ಲ. ಟಗರು ಹಿಂದೆ ಸರಿದು ಓಡಿಬಂದು ಡಿಕ್ಕಿ ಹೊಡೆಯುತ್ತೆ, ಜಿಂಕೆ ಹಂಗಲ್ಲ, ಕೊಂಬಿಗೆ ಕೊಂಬು ಸಿಕ್ಕಿಸಿ ತಳ್ಳುತ್ತೆ, ತಿರುಚುತ್ತೆ. ಅದಕ್ಕೆ ಮೊದ್ಲು ತುದಿ ತುದಿ ಮೆಲ್ಲಗೆ ತಾಗಿಸಿ, ಹತ್ತು ಸೆಕೆಂಡು, ನಿಲ್ಸಿ. ಕಿವಿ ಕೊಟ್ಟು ಕೇಳಿ. ಆಮೇಲೆ ಕೊಂಬು ಹೆಣೆದು ಕರಕರ ಅಂತ ಅರ್ಧ ನಿಮಿಷ ತಿಕ್ಕಿ, ನಡುವೆ ಕಾಲಲ್ಲಿ ಕಲ್ಲು ಉರುಳಿಸಿ, ಪೊದೆ ಮುರೀರಿ, ಯಾಕಂದ್ರೆ ನಿಜವಾದ ಜಗಳದಲ್ಲಿ ಗೊರಸಿನ ಸದ್ದೂ ಇರುತ್ತೆ. ಆಮೇಲೆ ಹದಿನೈದು ನಿಮಿಷ ಅಲ್ಲಾಡ್ಬೇಡ್ರಿ. ಹೇಸರಗತ್ತೆಗಿರೋ ಥರ ದೊಡ್ಡ ಕಿವಿ ಅದಕ್ಕೆ, ಹೆಸರೇ ಅದರಿಂದ ಬಂದಿದ್ದು, ಸದ್ದು ಎಲ್ಲಿಂದ ಬಂತು ಅಂತ ಅದಕ್ಕೆ ಚೆನ್ನಾಗಿ ಗೊತ್ತು, ಮತ್ತೆ ಮತ್ತೆ ಕುಟ್ಟೋದು ಬೇಡ. ಎರಡು ಮೂರು ಸಲ ಮಾಡಿ ಮುಕ್ಕಾಲು ಗಂಟೆ ಕಾದು ಆಮೇಲೆ ಎದ್ದೇಳಿ, ನಾನು ಎದ್ದ ಮೇಲೆ ಪೊದೆ ಹಿಂದಿಂದ ಜಿಂಕೆ ನಾಲ್ಕೂ ಕಾಲಲ್ಲಿ ಎಗರಿ ಎಗರಿ ಓಡಿದ್ದು ಎಷ್ಟು ಸಲವೋ.

ಕೊಂಬಿನ ಸದ್ದಿಗೆ ಬೇರೆ ಬೇಟೆಗಾರನೂ ಬರಬಹುದು, ಇದು ಮರೀಬೇಡ್ರಿ. ಬೆನ್ನಿಗೆ ದೊಡ್ಡ ಬಂಡೆನೋ ಮರಾನೋ ಇಟ್ಕೊಂಡು ಕೂರಿ, ಕೊಲರಾಡೋದಲ್ಲಿ ರೈಫಲ್ ಸೀಸನ್‌ಗೆ ಸೊಂಟದ ಮೇಲೆ 500 ಚದರ ಇಂಚು ಹೊಳೆಯೋ ಕಿತ್ತಳೆ ಇಲ್ಲಾ ಗುಲಾಬಿ ಬಟ್ಟೆ, ತಲೆಗೂ ಅದೇ ಬಣ್ಣದ ಟೋಪಿ ಕಡ್ಡಾಯ. ಮನುಷ್ಯ ಕಂಡ್ರೆ ಕೈ ಬೀಸ್ಬೇಡ್ರಿ, ಜೋರಾಗಿ ಕೂಗಿ. ನಡೆಯುವಾಗ ಕೊಂಬನ್ನ ಹೆಗಲ ಮೇಲೆ ಹೊತ್ಕೊಂಡು ಹೋಗದೆ ಕಿತ್ತಳೆ ಬಟ್ಟೆ ಸುತ್ತಿ ಬ್ಯಾಗ್ ಒಳಗಡೆ ಹಾಕ್ಕೊಳ್ರಿ.